ಸರಿತಾಳ ತವರಿನ ದಾರಿ

ಬೀರಸಿದ್ದಪ್ಪನಿಗೆ ಲಕ್ವಾ ಹೊಡೆದು ಹಾಸಿಗೆ ಹಿಡಿದ ಮೇಲೆ ಕಲ್ಲೋಳಿಯ ಆ ಮನೆ ನಡೆಯುತ್ತಿದ್ದದ್ದು ಕಿರಿಯ ಸೊಸೆ ಸರಿತಾಳ ಕೈಯಿಂದ. ಅವನ ಹೆಂಡತಿ ಯಲ್ಲಕ್ಕ ಇದನ್ನು ಓಣಿಯ ಹೆಂಗಸರ ಮುಂದೆ ಒಪ್ಪುತ್ತಿರಲಿಲ್ಲ. ಒಳಗೊಳಗೆ ಮಾತ್ರ ಚೆನ್ನಾಗಿ ಬಲ್ಲಳು. ಗಂಡನದು ಎತ್ತರದ, ದಪ್ಪ ಎಲುಬಿನ ಮೈ. ಅದರ ಬಲಗಡೆ ಸತ್ತುಹೋಗಿತ್ತು. ಅವನನ್ನು ಮಗ್ಗುಲು ಹೊರಳಿಸಬೇಕು, ಬಿಸಿನೀರಲ್ಲಿ ಒರೆಸಬೇಕು, ಬಾಯಿಗೆ ನುಚ್ಚಂಬಲಿ ಹಾಕಿ ಗಂಟಲಿಗೆ ಇಳಿಯುವವರೆಗೆ ಕಾಯಬೇಕು. ಯಲ್ಲಕ್ಕನ ಮೊಣಕಾಲು ನೆಲಕ್ಕೆ ಕೂತರೆ ಏಳುವುದಿಲ್ಲ, ಎದ್ದರೆ ಕೂಡುವುದಿಲ್ಲ. ಹಿರಿಯ ಮಗ ಮಾಲಿಂಗ ಹೆಂಡತಿ ಕಸ್ತೂರಿಯ ಸಮೇತ ಕುರಿ ಹಿಂಡಿನ ಹಿಂದೆ ಮಹಾರಾಷ್ಟ್ರದ ಕಡೆ ಹೋದರೆ ತಿಂಗಳುಗಟ್ಟಲೆ ಮುಖ ತೋರಿಸುತ್ತಿರಲಿಲ್ಲ. ಕಿರಿಯವನು ದುಂಡೇಶ ಬೆಳಗಾಗುತ್ತಲೇ ಸಣ್ಣ ಗಾಡಿಯಲ್ಲಿ ಕಾಯಿಪಲ್ಯೆ ತುಂಬಿಕೊಂಡು ಹತ್ತರಗಿಯ ಹೈವೇ ಧಾಬಾಗಳಿಗೆ ಹೋಗುತ್ತಿದ್ದ. ಮಗಳು ವಿದ್ಯಾ ಗೋಕಾಕದ ಕಾಲೇಜಿಗೆ.

ಸರಿತಾ ಈ ಕಡೆಯವಳಲ್ಲ, ನೇಪಾಳದವಳು. ಅವಳ ಅಪ್ಪ ಕರ್ಣ ಇಪ್ಪತ್ತು ವರ್ಷಕ್ಕೂ ಮೇಲಾಗಿ ಹತ್ತರಗಿಯ ಒಂದು ಧಾಬಾದಲ್ಲಿ ಅಡುಗೆಯವನು. ಮಗಳು ಹತ್ತನೇ ಇಯತ್ತೆ ಮುಗಿಸಿ, ಒಂದು ವರ್ಷ ಅಪ್ಪನ ಕೈಕೆಳಗೆ ದುಡಿದು ಹೋಗುತ್ತೇನೆಂದು ಬಂದಿದ್ದಳು. ದುಂಡೇಶನಿಗೆ ಆಗ ಮೂವತ್ತು ದಾಟಿತ್ತು, ತಮ್ಮವರಲ್ಲಿ ಎಲ್ಲಿ ಕೇಳಿದರೂ ಹೆಣ್ಣು ಕೊಡುವವರಿರಲಿಲ್ಲ. ದಿನಾ ಟೊಮೆಟೊ ಬುಟ್ಟಿ ಇಳಿಸುತ್ತ ಇಳಿಸುತ್ತ ಅವರಿಬ್ಬರ ನಡುವೆ ಮಾತು ಬೆಳೆಯಿತು. ಯಲ್ಲಕ್ಕ ಅತ್ತಳು, ಊಟ ಬಿಟ್ಟಳು, ಕಡೆಗೆ ಬೀರದೇವರ ಗುಡಿಯ ಮುಂದೆ ತಾನೇ ಅಕ್ಕಿಕಾಳು ಹಾಕಿದಳು. ಈಗ ಮೊಮ್ಮಗಳು ನಂದಿನಿಗೆ ನಾಲ್ಕು ತುಂಬಿತ್ತು.

ಆ ದಿನ ಬೆಳಗ್ಗೆ ಫೋನು ಬಂದಾಗ ಸರಿತಾ ರೊಟ್ಟಿ ಬಡಿಯುತ್ತಿದ್ದಳು. ಹಿಟ್ಟಿನ ಕೈಯಲ್ಲೇ ಫೋನು ಹಿಡಿದು ತನ್ನ ಭಾಷೆಯಲ್ಲಿ ಏನೇನೋ ಕೇಳಿದಳು. ಯಲ್ಲಕ್ಕನಿಗೆ ತಿಳಿದದ್ದು 'ಆಮಾ' ಎನ್ನುವ ಒಂದೇ ಮಾತು. ಹಂಚಿನ ಮೇಲಿನ ರೊಟ್ಟಿ ಹೊಗೆಯಾಡಿತು.

"ಅವ್ವ ಬಿದ್ದಾಳ್ರಿ ಅತ್ತಿ," ಎಂದಳು ಸರಿತಾ. "ಹುಲ್ಲು ಕೊಯ್ಯಾಕ ಗುಡ್ಡಕ್ಕ ಹೋಗಿದ್ಲಂತ. ಸೊಂಟದ ಎಲುಬು ಮುರದೈತಿ."

"ದವಾಖಾನಿಗೆ ಒಯ್ದಾರಿಲ್ಲೋ?"

"ಒಯ್ದು ತಂದಾರ. ಹೆಣಮಕ್ಕಳ ಸೇರಿ ಡೋಲಿ ಕಟ್ಟಿ ರಸ್ತಾತನಕ ಹೊತ್ತಾರ."

"ಹೆಣಮಕ್ಕಳ ಯಾಕ? ಗಂಡಸರು ಏನ್ ಮಾಡತಿದ್ರು?"

"ನಮ್ಮೂರಾಗ ಗಂಡಸರ ಎಲ್ಲಿದಾರ್ರಿ? ಮೂರು ನಾಕು ಮಂದಿ ಮುದುಕರು. ಉಳದಾವ್ರೆಲ್ಲ ಇಲ್ಲೇ ಅದಾರ."

"ಇಲ್ಲೇ ಅಂದ್ರ?"

"ಮುಂಬೈ, ಪುಣೆ, ಬೆಂಗಳೂರ. ನಿಮ್ಮ ಹತ್ತರಗಿ."

ಯಲ್ಲಕ್ಕ ಚಿಮಟಿಗೆಯಿಂದ ರೊಟ್ಟಿ ಎತ್ತಿ ಕೆಳಗಿಟ್ಟಳು. ಸರಿತಾ ಕೈಯ ಹಿಟ್ಟು ತಿಕ್ಕುತ್ತ ಅಲ್ಲೇ ನಿಂತಿದ್ದಳು.

"ನಾ ಹೋಗಬೇಕ್ರಿ ಅತ್ತಿ."

"ಮೊದಲ ಮಾವಗ ಅಂಬಲಿ ಕುಡಸು. ಹೊತ್ತಾತು," ಎಂದಳು ಯಲ್ಲಕ್ಕ.

ಸಂಜೆ ಎಲ್ಲರೂ ಉಣ್ಣಲು ಕೂತಾಗ ಮಾತು ಮತ್ತೆ ಎದ್ದಿತು. ಝುಣಕ, ರೊಟ್ಟಿ, ಉಳ್ಳಾಗಡ್ಡಿ. ಸರಿತಾ ಬಡಿಸುತ್ತಿದ್ದಳು, ತಾನು ಕೂತಿರಲಿಲ್ಲ.

"ಇವರಪ್ಪ ಹೋಗ್ಲಿ," ಎಂದಳು ಯಲ್ಲಕ್ಕ. "ಹೇಂತಿ ಆತನಕಿ. ಮಗಳ್ಯಾಕ ಹೋಗಬೇಕು?"

"ಕೇಳೇನಿ ಯವ್ವಾ," ಎಂದ ದುಂಡೇಶ. "ಮಾಲಕ ಬಿಡೂದಿಲ್ಲ ಅಂತಾನ. ಈಗ ಲಗ್ನದ ಸೀಜನ್, ಹೈವೇ ತುಂಬ ಗಾಡಿ. ಹೋದ್ರ ಹೋಗು, ನಾಳಿ ಮುಂಜಾನಿ ಇನ್ನೊಬ್ಬ ನೇಪಾಳಿ ಬಂದು ನಿಂದರತಾನ ಅಂದಾನ. ಖರೇನೂ ಐತಿ. ದಿನಾ ಒಬ್ಬಿಬ್ಬರು ಬಂದು ಕೆಲಸ ಐತೇನು ಅಂತ ಕೇಳತಾರ."

"ಹಂಗಾರ ಆಕಿನ್ನ ಇಲ್ಲೇ ಕರಕೊಂಡ ಬರ್ರಿ. ಏನ್ ಕಾಗದ ಬೇಕೋ ಮಾಡಸ್ರಿ."

ವಿದ್ಯಾ ತಲೆಯೆತ್ತಿದಳು. "ಕಾಗದ ಏನೂ ಬೇಡ ಯವ್ವಾ. ಪಾಸ್‌ಪೋರ್ಟೂ ಬೇಡ, ವೀಸಾನೂ ಬೇಡ. ಎರಡೂ ದೇಶ ಹಿಂದಕ್ಕ ಒಪ್ಪಂದ ಮಾಡ್ಕೊಂಡಾವ. ಅವರು ಇಲ್ಲೆ ಬರಬೋದು, ನಾವು ಅಲ್ಲೆ ಹೋಗಬೋದು, ದುಡೀಬೋದು. ನಮ್ಮ ಸರ್ ಕ್ಲಾಸಿನ್ಯಾಗ ಹೇಳ್ಯಾರ. ಇದರಿಂದ ಎರಡೂ ಕಡೆ ಅಭಿವೃದ್ಧಿ ಆಗತೈತಂತ."

"ಸೇತುವಿ ಐತ್ರಿ," ಎಂದಳು ಸರಿತಾ, ಪಲ್ಯೆಯ ಬೋಗುಣಿ ಹಿಡಿದುಕೊಂಡು. "ನಡಕೋತ ದಾಟೂದು. ಚೀಲ ಬಿಚ್ಚಿ ನೋಡತಾರ, ಅಷ್ಟ. ಆದ್ರ ಅವ್ವ ಬರೂದಿಲ್ಲ. ಎಮ್ಮಿ ಐತಿ, ಹೊಲಾ ಐತಿ. ಆಕಿ ಬಂದ್ರ ಆ ಓಣ್ಯಾಗ ಒಂದ ಮನ್ಯಾಗೂ ಒಲಿ ಹತ್ತೂದಿಲ್ಲ."

"ನೀ ಹೋದ್ರ ಈ ಮನ್ಯಾಗ ಒಲಿ ಯಾರ ಹಚ್ಚಬೇಕು?" ಯಲ್ಲಕ್ಕನ ದನಿ ಏರಿತು. "ನಿಮ್ಮ ಮಾವನ್ನ ಯಾರ ಎತ್ತಬೇಕು?"

ಒಳಗಿನ ಮಂಚದ ಮೇಲಿಂದ ಬೀರಸಿದ್ದಪ್ಪ ಗಂಟಲಲ್ಲಿ ಸದ್ದು ಮಾಡಿದ. ಅವನಿಗೆ ಎಲ್ಲ ಕೇಳುತ್ತಿತ್ತು, ಮಾತು ಮಾತ್ರ ಹೊರಡುತ್ತಿರಲಿಲ್ಲ.

"ನಾ ಎತ್ತತೇನಿ," ಎಂದಳು ವಿದ್ಯಾ. "ಒಂದು ತಿಂಗಳ ತಾನ? ವೈನಿ ಹೋಗಿ ಬರಲಿ."

"ಮತ್ತ ಕಾಲೇಜು?"

"ಮುಂಜಾನಿ ಒಂದು ಕ್ಲಾಸು ಬಿಡತೇನಿ."

ದುಂಡೇಶ ತಾಯಿಯ ಮುಖ ನೋಡಿದ, ಹೆಂಡತಿಯ ಮುಖ ನೋಡಿದ, ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡ. ಇಂಥ ಹೊತ್ತಿನಲ್ಲಿ ಅವನ ಬಾಯಿ ಯಾವಾಗಲೂ ತುತ್ತಿನಿಂದ ತುಂಬಿರುತ್ತಿತ್ತು.

ಯಲ್ಲಕ್ಕ ತಾಟಿನಲ್ಲಿ ಉಳಿದ ಝುಣಕವನ್ನು ಬಳಿದು ತಿಂದಳು. ಆಮೇಲೆ ಹೇಳಿದಳು: "ಹೋಗು. ಕೂಸು ಇಲ್ಲೇ ಇರಲಿ."

ಸರಿತಾಳ ಕೈಯ ಬೋಗುಣಿ ವಾಲಿತು. "ಅತ್ತಿ, ನಮ್ಮವ್ವ ಕೂಸಿನ್ನ ಒಂದ ಸಲಾನೂ ಕಣ್ಣಾರೆ ನೋಡಿಲ್ರಿ."

"ಅಷ್ಟು ದೂರ, ಥಂಡಿ, ಬಸ್ಸು, ರೈಲು. ಸಣ್ಣ ಕೂಸು. ನಾ ಬ್ಯಾಡ ಅಂದ್ನಿ ಅಂದ್ರ ಬ್ಯಾಡ."

ಥಂಡಿಯ ಮಾತು ಸುಳ್ಳೇನಲ್ಲ. ಆದರೆ ಕೂಸು ಇಲ್ಲಿದ್ದರೆ ತಾಯಿ ತಿರುಗಿ ಬರುತ್ತಾಳೆ ಎನ್ನುವುದು ಅದಕ್ಕಿಂತ ದೊಡ್ಡ ಕಾರಣವೆಂದು ಅಲ್ಲಿ ಕೂತ ಎಲ್ಲರಿಗೂ ತಿಳಿದಿತ್ತು.

ಸರಿತಾ ಹೋದಳು. ದುಂಡೇಶ ಗಾಡಿಯಲ್ಲಿ ಹತ್ತರಗಿಗೆ ಕರೆದೊಯ್ದು ಪುಣೆಯ ಬಸ್ಸು ಹತ್ತಿಸಿದ. ಅಲ್ಲಿಂದ ದಿಲ್ಲಿ, ದಿಲ್ಲಿಯಿಂದ ಗಡಿ, ಗಡಿಯಿಂದ ಮತ್ತೆ ಗುಡ್ಡ ಸುತ್ತುವ ಬಸ್ಸು. ಯಲ್ಲಕ್ಕ ದಾರಿಗೆಂದು ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಿದ್ದಳು. ನಂದಿನಿ ಎರಡು ದಿನ ಅತ್ತಳು, ಮೂರನೆಯ ದಿನ ಓಣಿಯ ಹುಡುಗಿಯರ ಜತೆ ಆಡತೊಡಗಿದಳು.

ಮನೆಯ ಕೆಲಸ ಮಾತ್ರ ಹಾಗೆ ಸುಧಾರಿಸಲಿಲ್ಲ. ವಿದ್ಯಾ ಮತ್ತು ಯಲ್ಲಕ್ಕ ಇಬ್ಬರೂ ಸೇರಿ ಎತ್ತಿದರೂ ಬೀರಸಿದ್ದಪ್ಪ ಅರ್ಧಕ್ಕೇ ಜಾರುತ್ತಿದ್ದ. ಸರಿತಾ ಅದನ್ನು ಒಬ್ಬಳೇ ಹೇಗೆ ಮಾಡುತ್ತಿದ್ದಳೆಂದು ಅವರಿಬ್ಬರೂ ಸರಿಯಾಗಿ ನೋಡಿಯೇ ಇರಲಿಲ್ಲ. ವಿದ್ಯಾಳ ಬೆಳಗಿನ ಕ್ಲಾಸು ತಪ್ಪಿತು, ಆಮೇಲೆ ಮಧ್ಯಾಹ್ನದ್ದೂ ತಪ್ಪಿತು.

"ನಾಳಿ ಪರೀಕ್ಷಾ ಐತಿ, ನಾ ಹೋಗಾಕಬೇಕು," ಎಂದಳು ಒಂದು ದಿನ.

"ಹೋಗು. ನಿಮ್ಮಪ್ಪ ಹೊಲಸಿನ್ಯಾಗ ಬಿದ್ದಿರಲಿ."

"ನೀನ ನೋಡ್ಕೋ ಯವ್ವಾ! ವೈನಿ ಆರು ವರ್ಷ ಮಾಡ್ಯಾಳ. ಒಂದಿನ ಆದ್ರೂ ನೀ ಆಕಿಗಿ ಶಾಣೇಕಿ ಅಂದಿಯೇನು?"

"ಸೊಸಿ ಮಾಡೂದ ಮಾಡ್ಯಾಳ. ನಾ ನಮ್ಮತ್ತಿಗಿ ಮಾಡಿಲ್ಲೇನು? ನನಗ್ಯಾರ ಶಾಣೇಕಿ ಅಂದಾರು?"

ವಿದ್ಯಾ ಚೀಲ ಹೆಗಲಿಗೇರಿಸಿಕೊಂಡು ಹೊರಟೇಹೋದಳು. ಯಲ್ಲಕ್ಕ ಒಬ್ಬಳೇ ಗಂಡನನ್ನು ಹೊರಳಿಸಲು ಹೋಗಿ ಮೊಣಕಾಲು ಉಳುಕಿಸಿಕೊಂಡು ಅವನ ಪಕ್ಕದಲ್ಲೇ ಕೂತುಬಿಟ್ಟಳು. ಬೀರಸಿದ್ದಪ್ಪ ಎಡಗೈಯಿಂದ ಬಾಗಿಲ ಕಡೆ ತೋರಿಸಿ "ಸಲಿ... ಸಲಿ..." ಎಂದ. ಸರಿತಾಳ ಹೆಸರು ಅದು. ಹೆಂಡತಿಯ ಹೆಸರು ಅವನ ಬಾಯಿಯಿಂದ ಈಚೆಗೆ ಬಂದದ್ದೇ ಇಲ್ಲ.

ಸರಿತಾ ಆಗಾಗ ವಿಡಿಯೋ ಕಾಲ್ ಮಾಡುತ್ತಿದ್ದಳು. ಗುಡ್ಡದ ಮೇಲೆ ಮೆಟ್ಟಿಲಿನಂತೆ ಹೊಲಗಳು, ಅರ್ಧಕ್ಕರ್ಧ ಬೀಳುಬಿದ್ದು ಪೊದೆ ಬೆಳೆದಿದ್ದವು. ತಗಡಿನ ಚಾವಣಿಯ ಒಳ್ಳೊಳ್ಳೆಯ ಮನೆಗಳು, ಒಂದೊಂದಕ್ಕೂ ಬೀಗ. "ಇದು ನಾ ಕಲತ ಸಾಲಿ," ಎಂದು ತೋರಿಸಿದಳು. ಗೋಡೆಗೆ ಬಣ್ಣ ಇತ್ತು, ಬಾಗಿಲಿಗೆ ಕಟ್ಟಿಗೆ ಒಟ್ಟಿದ್ದರು. ಹುಡುಗರು ಇಲ್ಲದೆ ಮುಚ್ಚಿದ್ದಾರಂತೆ. ಒಮ್ಮೆ ಫೋನನ್ನು ತಾಯಿಯ ಮುಖದ ಮುಂದೆ ಹಿಡಿದಳು. ಬಿಳಿಚಿದ ಮುಖದ ಹೆಂಗಸು ನಂದಿನಿಯನ್ನು ಕಂಡು ಬೆರಳುಗಳಿಂದ ಪರದೆಯನ್ನು ಮುಟ್ಟಿದಳು. ಪರದೆ ತುಂಬ ಆ ಬೆರಳುಗಳೇ ಕಂಡವು.

"ಅತ್ತಿ, ಅವ್ವಗ ಎದ್ದು ಕೂಡಾಕೂ ಆಗವಲ್ದು. ನಾ ಇನ್ನೊಂದು ತಿಂಗಳ ಇರತೇನ್ರಿ," ಎಂದಳು ಸರಿತಾ.

ಯಲ್ಲಕ್ಕ ಫೋನನ್ನು ನಂದಿನಿಯ ಕೈಗೆ ಕೊಟ್ಟುಬಿಟ್ಟಳು.

ಮರುದಿನ ಪಕ್ಕದ ಮನೆಯ ಶಂಕ್ರವ್ವ ಮಜ್ಜಿಗೆ ಕೇಳಲು ಬಂದವಳು ಕಟ್ಟೆಯ ಮೇಲೆ ಕೂತಳು. "ಬರತಾಳಂತೇನ ನಿನ್ನ ಸೊಸಿ?"

"ಬರತಾಳ. ಬರದ ಎಲ್ಲಿ ಹೋಗತಾಳ?"

"ಈಗ ಒಂದು ತಿಂಗಳ ಅಂತಾಳ, ಆಮ್ಯಾಲ ಎರಡು ಅಂತಾಳ. ಎರಡು ದೇಶದ ನಡುವ ಗೇಟ ಇಲ್ಲ, ಬಾಗಲಾ ಇಲ್ಲ. ಆಕಿ ದೇಶ ಆಕಿಗಿ. ನೀ ಯಾರನ್ನ ಕಳಿಸಿ ಹುಡುಕಸ್ತಿ?"

ಆ ಮಾತನ್ನು ಯಲ್ಲಕ್ಕ ಮರೆಯಲಿಲ್ಲ. ಅದೇ ವಾರ ನಂದಿನಿಗೆ ಒಂದು ಸಂಜೆ ಮೈ ಬಿಸಿಯಾಯಿತು. ಅರ್ಧ ಗುಳಿಗೆ ಕೊಟ್ಟರು, ಬೆಳಗಾಗುವಷ್ಟರಲ್ಲಿ ಇಳಿದಿತ್ತು. ಕೂಸು ಎದ್ದು ಹಾಲು ಕುಡಿದು ಅಂಗಳದಲ್ಲಿ ಆಡುತ್ತಿದ್ದಾಗ, ವಿದ್ಯಾ ಕಾಲೇಜಿಗೆ ಹೋಗಿದ್ದಾಗ, ಯಲ್ಲಕ್ಕ ಫೋನು ತೆಗೆದುಕೊಂಡು ಒಳಗೆ ಹೋದಳು.

"ಸರಿತಾ, ಕೂಸಿಗಿ ಜ್ವರ ಇಳೀವಲ್ದು. ಊಟ ಬಿಟ್ಟೈತಿ. ಕಣ್ಣ ತಗೀವಲ್ದು. ನಿನ್ನ ಹೆಸರ ಹಿಡದು ಅಳತೈತಿ."

ಆ ಕಡೆ ಉಸಿರಿನ ಸದ್ದು. "ದವಾಖಾನಿಗೆ ಒಯ್ರಿ ಅತ್ತಿ! ಮೂಡಲಗಿಗೆ ಒಯ್ರಿ, ಗೋಕಾಕಕ್ಕ ಒಯ್ರಿ!"

"ಒಯ್ದೇವಿ. ಡಾಕ್ಟರು ತಾಯಿ ಎಲ್ಲಿ ಅಂತ ಕೇಳತಾರ. ನಾ ಏನ್ ಹೇಳ್ಲಿ?"

ಹೊರಗೆ ನಂದಿನಿ ಕುರಿಮರಿಯ ಹಿಂದೆ ಓಡುತ್ತ ಕಿಲಕಿಲ ನಗುತ್ತಿದ್ದಳು. ಯಲ್ಲಕ್ಕ ಬಾಗಿಲು ಮುಂದೆ ಮಾಡಿದಳು.

ಸರಿತಾ ಬಂದಿಳಿದದ್ದು ಐದನೆಯ ದಿನ ಮಧ್ಯಾಹ್ನ. ಹತ್ತರಗಿಯಲ್ಲಿ ಇಳಿದು ದುಂಡೇಶನಿಗೂ ಕಾಯದೆ ಸಿಕ್ಕ ಬಸ್ಸು ಹಿಡಿದು ಬಂದಿದ್ದಳು. ದಾರಿಯುದ್ದಕ್ಕೂ ಗುಡ್ಡದಲ್ಲಿ ಸಿಗ್ನಲ್ ಇಲ್ಲ, ಆಮೇಲೆ ಬ್ಯಾಟರಿ ಇಲ್ಲ. ಕೂದಲು ಕೆದರಿತ್ತು, ಕಾಲು ಬಾತಿದ್ದವು. ನಂದಿನಿ ಕಟ್ಟೆಯ ಮೇಲೆ ಕೂತು ಕಬ್ಬಿನ ತುಂಡು ಜಗಿಯುತ್ತಿದ್ದಳು. ತಾಯಿಯನ್ನು ಕಂಡು ಕಬ್ಬು ಎಸೆದು ಓಡಿಬಂದಳು. ಸರಿತಾ ಅವಳ ಹಣೆ ಮುಟ್ಟಿದಳು, ಕುತ್ತಿಗೆ ಮುಟ್ಟಿದಳು, ಅಂಗಿ ಎತ್ತಿ ಹೊಟ್ಟೆ ಮುಟ್ಟಿದಳು. ಆಮೇಲೆ ಬಾಗಿಲಲ್ಲಿ ನಿಂತಿದ್ದ ಯಲ್ಲಕ್ಕನನ್ನು ನೋಡಿದಳು.

ಯಲ್ಲಕ್ಕ ಬೈಸಿಕೊಳ್ಳಲು ತಯಾರಾಗಿ ನಿಂತಿದ್ದಳು. ಸರಿತಾ ಕಾಲು ತೊಳೆದು ಒಳಗೆ ಹೋಗಿ ಮಾವನ ಬೆನ್ನಿನ ಕೆಳಗೆ ಕೈ ಹಾಕಿ ಹೊರಳಿಸಿದಳು.

"ಈ ಹುಣ್ಣು ಯಾವಾಗಿಂದ ಆಗೇತ್ರಿ?" ಎಂದು ಕೇಳಿದಳು.

"ಒಂದು ವಾರ ಆತು."

"ಬಿಸಿನೀರ ಇಡ್ರಿ."

ಬೀರಸಿದ್ದಪ್ಪನ ಕಣ್ಣಿಂದ ನೀರು ಇಳಿಯಿತು. "ಸಲಿ," ಎಂದ.

ಸಂಜೆ ಬಂದ ವಿದ್ಯಾಳಿಗೆ ವೈನಿಯನ್ನು ಕಂಡು ಗಾಬರಿ. "ಇಷ್ಟು ಲಗೂನ ಯಾಕ ಬಂದಿ? ಅವ್ವ ಹೆಂಗದಾರ?"

"ಕೂಸಿಗಿ ಜ್ವರಾ ಅಂತ ಹೇಳಿದ್ರಲ್ಲ."

"ಜ್ವರ ಒಂದ ಸಂಜಿಗಿ..." ವಿದ್ಯಾ ತಾಯಿಯ ಕಡೆ ತಿರುಗಿದಳು. "ಯವ್ವಾ, ನೀ ಏನಂತ ಫೋನ್ ಮಾಡಿದ್ದಿ?"

ಯಲ್ಲಕ್ಕ ಒಲೆಗೆ ಕಟ್ಟಿಗೆ ತುರುಕಿದಳು. "ಅಜ್ಜಿಗಿ ಹೆದರಿಕಿ ಆಗೂದಿಲ್ಲೇನು? ಹೆದರಿ ಮಾಡಿದ್ನಿ."

"ಆಕಿ ತಾಯಿ ಹಾಸಿಗ್ಯಾಗ ಬಿದ್ದಾಳ ಯವ್ವಾ!"

"ನಿಮ್ಮಪ್ಪನೂ ಹಾಸಿಗ್ಯಾಗ ಬಿದ್ದಾನ! ನಿಮಗ ಕಾಲೇಜು, ಅವನಿಗಿ ಗಾಡಿ, ಮಾಲಿಂಗಗ ಕುರಿ. ನನಗ ಯಾರ ಅದಾರ, ಹೇಳು!"

ದುಂಡೇಶ ಅದೇ ಆಗ ಬಾಗಿಲಲ್ಲಿ ಬಂದು ನಿಂತಿದ್ದ. ಒಳಗೆ ಕಾಲಿಡದೆ ಗಾಡಿ ತೊಳೆಯುವ ನೆವ ಮಾಡಿ ಹೊರಗೇ ಉಳಿದ.

ಅಂದಿನಿಂದ ಸರಿತಾ ಅತ್ತೆಯ ಜತೆ ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ. ಹಿಟ್ಟು ಮುಗಿದೈತ್ರಿ. ನೀರು ಬಂದೈತ್ರಿ. ಎಂದಿಗಿಂತ ತೆಳ್ಳಗೆ ರೊಟ್ಟಿ ಬಡಿದಳು, ಎಂದಿಗಿಂತ ಸ್ವಚ್ಛವಾಗಿ ಪಾತ್ರೆ ತಿಕ್ಕಿದಳು. ಯಲ್ಲಕ್ಕ ಅರ್ಧ ರೊಟ್ಟಿಗೇ ತಾಟು ಸರಿಸುತ್ತಿದ್ದಳು. ಮನೆ ಬಿಟ್ಟು ಹೋಗೋಣವೆಂದರೆ ಹೋಗುವುದೆಲ್ಲಿಗೆ? ಮಸಗುಪ್ಪಿಯ ತವರಿನಲ್ಲಿ ಅಣ್ಣ ಉದ್ದಪ್ಪ ಇದ್ದ, ಅವನ ಸೊಸೆಯಂದಿರು ಎರಡನೆಯ ದಿನಕ್ಕೇ ಯಾವಾಗ ಹೋಗತೀರಿ ಅನ್ನುವವರು. ಎರಡು ಕೋಣೆಯ ಮನೆಯಲ್ಲಿ ಇಬ್ಬರು ಹೆಂಗಸರು ಒಬ್ಬರ ಕಣ್ಣು ಒಬ್ಬರು ತಪ್ಪಿಸುತ್ತ, ಒಂದೇ ಮಂಚದ ಎರಡು ಕಡೆ ನಿಂತು ಒಂದೇ ಮೈಯನ್ನು ಎತ್ತುತ್ತಿದ್ದರು.

ಎರಡು ವಾರ ಕಳೆದ ಮೇಲೆ ಒಂದು ಬೆಳಗ್ಗೆ ಮತ್ತೆ ಫೋನು ಬಂತು. ಸರಿತಾ ಈ ಸಲ ಏನೂ ಕೇಳಲಿಲ್ಲ. ಕಿವಿಗೆ ಹಿಡಿದು, ಕೇಳಿ, ಇಟ್ಟಳು. ನಂದಿನಿಯ ಜಡೆ ಹಾಕುವುದು ಅರ್ಧಕ್ಕೆ ನಿಂತಿತ್ತು. ಅದನ್ನು ಪೂರ್ತಿ ಹಾಕಿ ರಿಬ್ಬನ್ ಕಟ್ಟಿದಳು. ಆಮೇಲೆ ಹಿತ್ತಲಿಗೆ ಹೋಗಿ ಬಾಯಿಗೆ ಸೆರಗು ತುರುಕಿಕೊಂಡು ಕೂತಳು.

ಅವಳ ತಾಯಿಗೆ ಎದೆಯಲ್ಲಿ ಕಫ ಕಟ್ಟಿತ್ತಂತೆ. ನೋಡಿಕೊಳ್ಳುತ್ತಿದ್ದ ನೆರೆಮನೆಯ ಮುದುಕಿ ನೀರಿಗೆ ಹೋಗಿ ಬರುವಷ್ಟರಲ್ಲಿ ಮುಗಿದಿತ್ತು. ಹೊತ್ತವರು ಹೆಂಗಸರೇ. ಇಲ್ಲಿಂದ ಹೊರಟರೂ ಮುಟ್ಟಲು ನಾಲ್ಕೈದು ದಿನ, ಅಷ್ಟು ಹೊತ್ತು ಹೆಣ ಇಡುವಂತಿರಲಿಲ್ಲ. ಬೆಂಕಿ ಇಟ್ಟವನು ಆಚೆ ಊರಿನ ದೂರದ ನೆಂಟ.

ಮೂರನೆಯ ದಿನ ಯಲ್ಲಕ್ಕ ಮಗನ ಗಾಡಿ ಹತ್ತಿ ಹತ್ತರಗಿಗೆ ಹೋದಳು. ಬೀಗನಿಗೆ ಮುಖ ತೋರಿಸದಿದ್ದರೆ ಆಗದು. ಧಾಬಾದ ಮುಂದೆ ಲಾರಿಗಳ ಸಾಲು. ಕರ್ಣ ಹಿಂದಿನ ತಗಡಿನ ಶೆಡ್ಡಿನಲ್ಲಿದ್ದ. ತಲೆ ಬೋಳಿಸಿದ್ದ, ಬಿಳಿ ಬಟ್ಟೆ ಸುತ್ತಿದ್ದ. ಗಿರಾಕಿಗಳಿಗೆ ಕಾಣಬಾರದೆಂದು ಮಾಲಕ ಅವನನ್ನು ಹಿಂದೆ ಕೂರಿಸಿದ್ದನಂತೆ. ಸೂತಕದವನು ಅಡುಗೆ ಮುಟ್ಟುವಂತಿಲ್ಲ, ಅದಕ್ಕೇ ಉಳ್ಳಾಗಡ್ಡಿ ಹೆಚ್ಚಲು ಕೊಟ್ಟಿದ್ದರು.

"ಬರ್ರಿ ಅಕ್ಕಾರ," ಎಂದು ಎದ್ದು ಪ್ಲಾಸ್ಟಿಕ್ ಕುರ್ಚಿ ಒರೆಸಿ ಇಟ್ಟ.

ಯಲ್ಲಕ್ಕ ಕುರ್ಚಿಯ ಅಂಚಿಗೆ ಕೂತಳು. "ಬೀಗರ, ನೀವು ಊರಿಗಿ ಹೋಗೂದಿಲ್ಲೇನು?"

"ಹೋಗಬೇಕ್ರಿ. ಮನಿಗಿ ಬೀಗ ಹಾಕಬೇಕು. ಎಮ್ಮಿ ಮಾರಬೇಕು. ಹೋಗಿ ಮತ್ತ ಬರತೇನಿ."

"ಅಲ್ಲೇ ಇರೂದಲ್ಲ? ಹೊಲಾ ಐತಿ, ಮನಿ ಐತಿ."

ಕರ್ಣ ಉಳ್ಳಾಗಡ್ಡಿಯ ಸಿಪ್ಪೆ ಒಂದು ಕಡೆ ಸರಿಸಿದ. "ನಾ ಬಂದಾಗ ನಮ್ಮೂರಾಗ ಹಸಿವು ಇತ್ರಿ. ಇಲ್ಲಿ ಪಗಾರದಿಂದ ತಗಡು ಹಾಕಿಸೇನಿ, ಮಗಳನ್ನ ಸಾಲಿಗಿ ಕಳಿಸೇನಿ. ಅದು ಸುಳ್ಳಲ್ಲ. ಆದ್ರ ಬರಾಕ ಭಾಳ ಸರಳ ಇತ್ತು ಅಕ್ಕಾರ. ಸೇತುವಿ ದಾಟಿದ್ರ ಆತು. ಒಬ್ಬ ಬಂದ, ಅವನ ಹಿಂದ ಇನ್ನೊಬ್ಬ ಬಂದ. ಕಾಲುವಿ ಒಡದ್ರ ಯಾರೂ ಕಟ್ಟಲಿಲ್ಲ, ಹೋಗಿ ದುಡಕೊಂಡ ಬರೋಣು ಅಂದ್ರು. ಮಾಸ್ತರ ಬರಲಿಲ್ಲ ಅಂದ್ರ ಕೇಳಾಕ ಯಾರೂ ಇಲ್ಲ. ಈಗ ರಸ್ತಾ ಬಂದೈತಿ, ಕರೆಂಟ ಬಂದೈತಿ. ಮಂದಿ ಇಲ್ಲ. ನನಗ ನೇಗಿಲಾ ಹಿಡಿಯೂದ ಮರತೈತಿ. ಈ ಕೈಗಿ ಈಗ ತಂದೂರಿ ರೊಟ್ಟಿ ಅಷ್ಟ ಗೊತ್ತು."

ಮುಂದಿನಿಂದ ಮಾಲಕ ಕೂಗಿದ: "ಬಹಾದ್ದೂರ, ಕಾಂದಾ ಆತೇನೋ?"

"ಆತ್ರೀ," ಎಂದ ಕರ್ಣ. ಇಪ್ಪತ್ತು ವರ್ಷದಲ್ಲಿ ಅವನ ಹೆಸರನ್ನು ಅಲ್ಲಿ ಯಾರೂ ಕರೆದದ್ದಿಲ್ಲ.

ಯಲ್ಲಕ್ಕ ತಡೆಯದೆ ಹೇಳಿಬಿಟ್ಟಳು: "ಕೂಸಿನ ಜ್ವರ ಒಂದ ರಾತ್ರಿಗೇ ಇಳದಿತ್ತು ಬೀಗರ. ನಾ ಸುಳ್ಳ ಹೇಳಿ ಕರಿಸಿದ್ನಿ."

ಚಾಕು ಒಂದು ಕ್ಷಣ ನಿಂತಿತು. ಕರ್ಣ ತಲೆ ಎತ್ತಲಿಲ್ಲ. "ನಾ ಇಪ್ಪತ್ತೆರಡು ವರ್ಷ ಊರಿಗಿ ಹೋಗಲಿಲ್ರಿ," ಎಂದ. "ನಿಮಗ ಏನ್ ಅನ್ಲಿ?" ಮತ್ತೆ ಹೆಚ್ಚತೊಡಗಿದ. ಅವನ ಕಣ್ಣಿಂದ ಇಳಿಯುತ್ತಿದ್ದ ನೀರು ಉಳ್ಳಾಗಡ್ಡಿಯದೋ ಏನೋ, ಅವಳಿಗೆ ತಿಳಿಯಲಿಲ್ಲ.

ಯಲ್ಲಕ್ಕ ಊರಿಗೆ ತಿರುಗಿ ಬಂದಾಗ ಬಿಸಿಲು ಇಳಿದಿತ್ತು. ಸರಿತಾ ಅಂಗಳದಲ್ಲಿ ಮೆಂತ್ಯೆಪಲ್ಯೆ ಸೋಸುತ್ತಿದ್ದಳು. ಯಲ್ಲಕ್ಕ ಕಟ್ಟೆಯ ಮೇಲೆ ಕೂಡದೆ, ಮೊಣಕಾಲು ನೋಯುತ್ತಿದ್ದರೂ, ನೆಲದ ಮೇಲೆ ಅವಳ ಎದುರಿಗೆ ಕೂತಳು. ಕಡ್ಡಿ ಎತ್ತಿ ಎಲೆ ಬಿಡಿಸತೊಡಗಿದಳು.

"ನಿಮ್ಮಪ್ಪ ಊರಿಗಿ ಹೊಂಟಾನ," ಎಂದಳು. "ನೀನೂ ಹೋಗು. ಈ ಸಲ ಕೂಸಿನ್ನ ಕರಕೊಂಡ ಹೋಗು. ಎಷ್ಟ ದಿನ ಇರತಿ ಇರು, ನಾ ಕೇಳೂದಿಲ್ಲ. ನಿಮ್ಮ ಮಾವನ್ನ ನಾ ನೋಡಕೋತೇನಿ. ಕಸ್ತೂರಿನ್ನ ಕರಿಸ್ಕೋತೇನಿ."

ಸರಿತಾ ಎಲೆ ಬಿಡಿಸುವುದನ್ನು ನಿಲ್ಲಿಸಲಿಲ್ಲ.

"ಕೇಳಿಸ್ತೇನು? ಹೋಗು ಅಂದ್ನಿ."

"ಕೇಳಿಸ್ತ್ರಿ." ಸರಿತಾ ಹಳದಿಯಾದ ಒಂದು ಎಲೆ ತೆಗೆದು ಆಚೆ ಎಸೆದಳು. "ಯಾರ ಹಂತ್ಯಾಕ ಹೋಗ್ಲಿ ಅತ್ತಿ?"

ಯಲ್ಲಕ್ಕ ಇನ್ನೊಂದು ಕಡ್ಡಿ ಎತ್ತಿದಳು. ಸೊಸೆ ತಿರುಗಿ ಬರದೆ ಹೋದಾಳೆಂಬ ಹೆದರಿಕೆಯಲ್ಲಿ ಒಂದು ತಿಂಗಳು ಕಳೆದಿದ್ದಳು. ಇನ್ನು ಆ ಹೆದರಿಕೆ ಬೇಕಾಗಿರಲಿಲ್ಲ.

ಸರಿತಾ ಸೋಸಿದ ಪಲ್ಯೆಯನ್ನು ಬುಟ್ಟಿಗೆ ತುಂಬಿ ಎದ್ದಳು. ಅತ್ತೆಗೆ ಏಳಲು ಬರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಒಂದು ಗಳಿಗೆ ನಿಂತಳು, ಆಮೇಲೆ ಕೈ ಚಾಚಿದಳು. ಆ ಕೈ ಹಿಡಿದು ಯಲ್ಲಕ್ಕ ಎದ್ದಳು. ಸರಿತಾ ಕೈ ಬಿಡಿಸಿಕೊಂಡು ಒಲೆ ಹಚ್ಚಲು ಒಳಗೆ ಹೋದಳು.